ಏಳು ಮನೆಯವರ ಹೆಸರು

ಸೊಲ್ಲಾಪುರ ರಸ್ತೆಯ ಅಂಗಡಿಯೊಂದರ ಮುಂದೆ ಮೊನ್ನೆ ಒಣದ್ರಾಕ್ಷಿಯ ಚೀಲ ಬಿಚ್ಚಿದರು. ಬಿಸಿಲು ಕುಡಿದ ಆ ಸಿಹಿಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಿಜ್ಜರಗಿಯ ನಮ್ಮ ಪಡಸಾಲೆಯಲ್ಲಿದ್ದೆ. ಈಗ ಆ ಮನೆಯಿಲ್ಲ, ಅಲ್ಲಿ ಗೊಬ್ಬರದ ಗೋದಾಮಿದೆ. ಆಗ ಮಧ್ಯಾಹ್ನದ ಹೊತ್ತು ನನ್ನ ತಂದೆಯ ಅಕ್ಕ ಶಾಂತತ್ತಿ ಗೋಣಿತಾಟಿನ ಮೇಲೆ ದ್ರಾಕ್ಷಿ ಹರವಿ, ಕಾಲು ಚಾಚಿ ಕುಳಿತು ತೊಟ್ಟು ಬಿಡಿಸುತ್ತಿದ್ದಳು. ಎದುರಿಗೆ ನಾನು, ಎರಡು ಬಿಡಿಸಿ ಒಂದು ತಿನ್ನುತ್ತ. ಕೈ ನಡೆದಂತೆ ಅವಳ ಬಾಯಿಯೂ ನಡೆಯುತ್ತಿತ್ತು. ಯಾವ ಬಾವಿ ಯಾರು ತೋಡಿಸಿದ್ದು, ಯಾವ ಹೊಲಕ್ಕೆ ಆ ಹೆಸರು ಹೇಗೆ ಬಂತು, ತಿಕೋಟಾದಿಂದ ಬಬಲೇಶ್ವರದವರೆಗಿನ ಹಳೆಯ ಸುದ್ದಿಯೆಲ್ಲ ಓದುಬಾರದ ಆ ಹೆಂಗಸಿನ ನಾಲಿಗೆಯ ಮೇಲಿತ್ತು. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬೇಕು.

ಪ್ಲೇಗಿನ ಮಾತು ಬಂದಾಗ ಮಾತ್ರ ಅವಳ ಕೈ ನಿಲ್ಲುತ್ತಿತ್ತು. ಅವಳ ಅಜ್ಜಿ ಸಣ್ಣಾಕೆಯಾಗಿದ್ದಾಗ ಊರಿಗೆ ಊರೇ ಮನೆಗಳಿಗೆ ಕೀಲಿ ಹಾಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡಿತ್ತಂತೆ. ಬೇನೆ ಇಳಿದ ಮೇಲೆ ಉಳಿದವರು ಮರಳಿ ಬಂದರು. ಏಳು ಮನೆಗಳ ಕೀಲಿ ತೆಗೆಯಲು ಯಾರೂ ಇರಲಿಲ್ಲ. ಆ ಏಳೂ ಮನೆಯವರನ್ನು, ಹಿರಿಯರಿಂದ ತೊಟ್ಟಿಲ ಕೂಸಿನವರೆಗೆ, ಅತ್ತಿ ಹೆಸರು ಹಿಡಿದು ಹೇಳುತ್ತಿದ್ದಳು.

“ನೀ ಸಾಲಿ ಕಲಿತೀದಿ, ಬರಕೋ ಬೇ. ನಾ ಸತ್ತ್ರ ಅವರು ಇನ್ನೊಮ್ಮೆ ಸಾಯ್ತಾರ.”

“ನಾಳೆ ಬರಕೋತೀನಿ, ಅತ್ತಿ,” ಎಂದು ಆಡಲು ಓಡುತ್ತಿದ್ದೆ. ಎಷ್ಟು ಸಲ ಹಾಗೆಂದೆನೋ.

ಮುಂದೆ ನಾನು ವಿಜಯಪುರದಲ್ಲಿ ಇತಿಹಾಸ ಕಲಿಸುವ ಶಿಕ್ಷಕಿಯಾದೆ. ತಿಕೋಟಾ ತಾಲೂಕಾದ ಮೇಲೆ ಕೆಲವರು ಸೇರಿ ಅದರ ಚರಿತ್ರೆ ಬರೆಯಲು ಹೊರಟರು. ನಮ್ಮೂರಿನ ಭಾಗ ನನ್ನ ಪಾಲಿಗೆ ಬಂತು. ನೋಟುಬುಕ್ಕು ಹಿಡಿದು ತಮ್ಮನ ಮನೆಗೆ ಓಡಿದಾಗ, ಅಲ್ಲಿದ್ದ ಶಾಂತತ್ತಿಗೆ ಲಕ್ವಾ ಹೊಡೆದು ಹತ್ತು ದಿನವಾಗಿತ್ತು. ‘ಹೂಂ’ ಒಂದನ್ನು ಬಿಟ್ಟು ಅವಳಲ್ಲಿ ಮಾತು ಉಳಿದಿರಲಿಲ್ಲ. ಅರೆಬರೆ ನೆನಪಾದ ಹೆಸರುಗಳನ್ನು ನಾನೇ ಹೇಳಿ ಕೇಳಿದೆ.

“ಗಿರೆಪ್ಪನ ಮನಿ ಇತ್ತಲ್ಲ, ಅತ್ತಿ?”

“ಹೂಂ.”

“ಚನ್ನವ್ವ ಅಂತ ಇದ್ದಳಲ್ಲ?”

“ಹೂಂ.”

ಎರಡನ್ನೂ ಬರೆದೆ. ಆಮೇಲೆ ಅನುಮಾನ ಬಂದು, ಆಗತಾನೆ ಹಾಲು ಹಾಕಿ ಹೋದ ಸಿದ್ದಪ್ಪನ ಹೆಸರು ಹೇಳಿದೆ. ಅದಕ್ಕೂ “ಹೂಂ.” ಅಂದವಳ ಕಣ್ಣು ತುಂಬಿ ಬಂದವು. ನಾನು ಪರೀಕ್ಷಿಸಿದ್ದು ಅವಳಿಗೆ ತಿಳಿದಿತ್ತು. ಆಡುತ್ತಿದ್ದ ಒಂದೇ ಕೈಯಿಂದ ನನ್ನ ಮಣಿಕಟ್ಟು ಹಿಡಿದು ಬಾಯಿ ತೆರೆದಳು; ಕುತ್ತಿಗೆಯ ನರ ಉಬ್ಬಿದವು; ಹೊರಟದ್ದು ಮತ್ತೆ ಅದೇ ದನಿ. ನಾನು ಹುಚ್ಚಿಯಂತೆ ಅವಳ ಭುಜ ಅಲುಗಾಡಿಸಿದೆ.

“ಒಂದರೆ ಹೇಳ ಬೇ ಅತ್ತಿ, ಒಂದ ಹೆಸರು!”

ತಮ್ಮ ನನ್ನನ್ನು ಹಿಂದಕ್ಕೆಳೆದ. “ಸಾಕ ಬಿಡ ಅಕ್ಕಾ, ದಣದಾಳ ಆಕಿ.”

ಮೂರು ವಾರಕ್ಕೆ ಅತ್ತಿ ಹೋದಳು. ಪುಸ್ತಕ ಅಚ್ಚಾಗಿ ಬಂದಿದೆ. ಪ್ಲೇಗಿನಲ್ಲಿ ಕೆಲವು ಮನೆತನಗಳು ಅಳಿದವು ಎಂಬ ಒಂದೇ ಸಾಲು ಅದರಲ್ಲಿದೆ. ಹೆಸರಿಲ್ಲದೆ ‘ಏಳು’ ಎನ್ನಲು ಮನಸ್ಸಾಗದೆ ಆ ‘ಕೆಲವು’ ನಾನು ಬರೆದದ್ದು. ಅವುಗಳಲ್ಲೊಂದು ಮನೆಯ ಹೆಂಗಸು ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆದು ಮಜ್ಜಿಗೆ ಕೊಡುತ್ತಿದ್ದಳೆಂದು ಅತ್ತಿ ಹೇಳಿದ್ದು ನೆನಪಿದೆ. ಆಕೆಯನ್ನು ಏನೆಂದು ಕರೆಯುತ್ತಿದ್ದರೋ, ಗೊತ್ತಿಲ್ಲ.