ಆಕಾಶ ಮುಟ್ಟಲು ರುಕ್ಮಿಯಾತಿಯ ಅಪ್ಪಣೆ

ಬೆಳಗಿನ ಐದು ಗಂಟೆ. ಜಾವಾ ದ್ವೀಪದ ಸಲಾತಿಗಾ ಊರಿನ ಗಲ್ಲಿಯೊಂದರ ಮಹಡಿಯಲ್ಲಿ ರುಕ್ಮಿಯಾತಿ ಬಸ್ಸು ಓಡಿಸುತ್ತಿದ್ದಾರೆ. ಬಸ್ಸು ಇರುವುದು ಅವರ ಕೈಯಲ್ಲಿನ ಗಾಜು ಒಡೆದ ಹಳೇ ಫೋನಿನೊಳಗೆ. ಎರಡನೇ ತಿರುವಿನಲ್ಲಿ ಬಸ್ಸಿನ ಸೂರು ಮಾಯವಾಗುತ್ತದೆ. ಪ್ರಯಾಣಿಕರು ಏನೂ ಆಗದವರಂತೆ ಕುಳಿತಿದ್ದಾರೆ. ರುಕ್ಮಿಯಾತಿ ಶುಂಠಿ ಕಷಾಯ ಒಂದು ಗುಟುಕು ಹೀರಿ, ಪುಸ್ತಕದಲ್ಲಿ ‘ಸೂರು ಹೋಯ್ತು, ವಾಪಸ್’ ಎಂದು ಬರೆಯುತ್ತಾರೆ.

ಜಾವಾದ ಅರ್ಧ ಜನಕ್ಕೆ ಹುಚ್ಚು ಹಿಡಿಸಿರುವ ಈ ಬಸ್ಸಿನ ಆಟ ಆರು ಜನರ ಸಣ್ಣ ಕಚೇರಿಯೊಂದರ ಕೈಕೆಲಸ. ಆಟಗಾರರೇ ತಯಾರಿಸಿ ಅದಕ್ಕೆ ಜೋಡಿಸುವ ಬಣ್ಣ, ದೀಪ, ಮಳೆಗಳಿಗೆ ಮಾಡ್ ಎನ್ನುತ್ತಾರೆ. ದಿನಕ್ಕೆ ನಲವತ್ತು ಬರುತ್ತವೆ, ಇಪ್ಪತ್ತಾರು ವಾಪಸಾಗುತ್ತವೆ. ತೆರೆಯ ಮೇಲೆ ಯಾವ ಮಾಡ್ ಎಷ್ಟು ಕೈಯಾಡಿಸಬಹುದೆಂದು ತೀರ್ಮಾನಿಸುವುದು ಐವತ್ಮೂರರ ಈ ಹೆಂಗಸು. ಮೊದಲು ಇಪ್ಪತ್ತು ವರ್ಷ ನಿಜವಾದ ಬಸ್ ನಿಲ್ದಾಣದಲ್ಲಿ ಬ್ರೇಕು, ದೀಪ ತಪಾಸಣೆ ಮಾಡಿದವರು.

ಆರಂಭದಲ್ಲಿ ಯಾವ ಕಟ್ಟುಪಾಡೂ ಇರಲಿಲ್ಲ. ತೆಗಾಲ್ ಊರಿನವನೊಬ್ಬ ಆಟದ ಆಕಾಶದಿಂದ ಚಂದ್ರನನ್ನು ಕಿತ್ತು, ಆ ಜಾಗಕ್ಕೆ ಮಾಂಸದುಂಡೆ ಅಂಗಡಿಯ ತನ್ನ ಮಾವನ ಮುಖ ಅಂಟಿಸಿದ. ಚೆಂದದ ದೀಪಕ್ಕೆಂದು ಆ ಮಾಡ್ ಹಾಕಿಕೊಂಡವರಿಗೆಲ್ಲ ಊರೂರಲ್ಲೂ ಮಾವ ಉದಯಿಸಿದ. ಮಾಲೀಕ ಹೆಂದ್ರೊ ಸಿಟ್ಟಿಗೆದ್ದು, ಇನ್ನು ಬಸ್ಸಿನ ಮೈಗೆ ಬಣ್ಣ ಬಿಟ್ಟು ಬೇರೇನೂ ಕೂಡದೆಂದರು. ಮಾಡ್ ಮಾಡುವವರು ಮುನಿಸಿಕೊಂಡು ಹನ್ನೆರಡು ದಿನ ಒಂದನ್ನೂ ಕಳಿಸಲಿಲ್ಲ.

ಆಗ ಬಾಯಿ ಬಿಟ್ಟವರು ರುಕ್ಮಿಯಾತಿ. ಹೆಂದ್ರೊರನ್ನು ಅವರು ‘ಮಾಸ್’, ಅಂದರೆ ಅಣ್ಣ, ಎಂದೇ ಕರೆಯುವುದು. “ಎಷ್ಟು ದೀಪ ಬೇಕಾದ್ರೂ ಹಾಕ್ಕೊಳ್ಳಲಿ, ಮಾಸ್. ಎದುರಿಗೆ ಬರೋನ ಕಣ್ಣು ಕುಕ್ಕಬಾರದು, ಅಷ್ಟೇ.” ಅಂದಿನಿಂದ ಬಣ್ಣಕ್ಕೆ ಯಾರನ್ನೂ ಕೇಳಬೇಕಿಲ್ಲ. ದೀಪ, ಗಾಜಿಗೆ ಪರೀಕ್ಷೆ ಉಂಟು. ಆಕಾಶಕ್ಕೋ ಇಡೀ ತೆರೆಗೋ ಕೈ ಹಾಕುವವರು ಮಾತ್ರ ರುಕ್ಮಿಯಾತಿಯನ್ನು ಒಪ್ಪಿಸಬೇಕು.

ಹೋದ ತಿಂಗಳು ಕೆದಿರಿಯಿಂದ ಪ್ರಸೆತ್ಯೊ ಎಂಬ ಮಾಡ್‌ಗಾರ ಆರು ಗಂಟೆ ಬೈಕ್ ಓಡಿಸಿಕೊಂಡು, ಒಂದು ಬುಟ್ಟಿ ಹಳದಿ ತಾಹು, ಅಂದರೆ ಸೋಯಾ ಪನೀರು, ಹೊತ್ತು ಬಂದ. ಅಮ್ಮ ಎನ್ನುವ ಹಾಗೆ ‘ಬು’ ಎಂದು ಕರೆದು ಶುರುಮಾಡಿದ. “ನನ್ನ ಮಂಜಿಗೆ ಇಡೀ ತೆರೆ ಬೇಕು, ಬು. ಮೂರು ಸಲ ಬೇಡ ಅಂತ ಬರೆದ್ರಿ. ಈಗ ಮುಖ ನೋಡಿ ಹೇಳಿ.”

“ತಾಹು ಅಲ್ಲಿಡು. ಮುಖ ಆಮೇಲೆ ನೋಡೋಣ.”

ಆಟ ಶುರುವಾಯಿತು. ಬೆಟ್ಟದ ದಾರಿಯಲ್ಲಿ ಮಂಜು ಮೆಲ್ಲಗೆ ಎದ್ದಿತು. “ಚೆನ್ನಾಗಿದೆ ಕಣೋ,” ಎಂದರು. ಕಚೇರಿಯಲ್ಲಿ ಅವರ ಬಾಯಿಂದ ಆ ಮಾತು ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ಫೋನು ಬಿಸಿ ದೋಸೆಕಲ್ಲಾಯಿತು, ಎದುರು ಬಸ್ಸಿನ ದೀಪ ಮಂಜಿನಲ್ಲಿ ಕರಗಿತು, ಬಸ್ಸು ಪ್ರಪಾತ ಸೇರಿತು. ತೆರೆ ಕಪ್ಪಾಯಿತು.

“ಫೋನ್ ಹಳೇದು. ಹೊಸದು ತಗೊಳ್ಳಿ, ಬು.”

“ನಾನು ತಗೋತೀನಪ್ಪ. ನಿಲ್ದಾಣದಲ್ಲಿ ಕೂತು ಆಡೋ ಕಂಡಕ್ಟರಿಗೆ ಯಾರು ಕೊಡಿಸ್ತಾರೆ? ನಿಮ್ಮಪ್ಪನಾ?”

ಪ್ರಸೆತ್ಯೊ ತಲೆ ಕೆರೆದುಕೊಂಡ. “ಹಂಗಾದ್ರೆ ಮಂಜು ಬಿಟ್ಟುಬಿಡ್ಲಾ?”

“ಬಿಡು ಅಂತ ಯಾರಂದ್ರು? ಬೆಟ್ಟದ ಮೇಲಿರಲಿ. ಎದುರಿನ ದೀಪ, ಪಕ್ಕದ ಕನ್ನಡಿ ಮುಟ್ಟಬೇಡ. ಬೇಡ ಅನ್ನೋರಿಗೆ ಆರಿಸೋಕೆ ಒಂದು ಗುಂಡಿ ಇಡು.”

ಅವನು ಅಲ್ಲೇ ಚಾಪೆ ಹಾಸಿಕೊಂಡು ಮೂರು ದಿನ ತಿದ್ದಿದ. ತಾಹು ಎರಡೇ ದಿನಕ್ಕೆ ಖಾಲಿಯಾಯಿತು. ನಾಲ್ಕನೇ ಬೆಳಿಗ್ಗೆ ಹಳೇ ಫೋನಿನಲ್ಲೇ ಮಂಜು ಎದ್ದಿತು. ಬಸ್ಸು ಸುರಕ್ಷಿತವಾಗಿ ಬೆಟ್ಟ ಇಳಿಯಿತು. ಈಗ ಅರವತ್ತು ಸಾವಿರ ಜನ ಆ ಮಂಜಿನಲ್ಲಿ ಓಡಾಡುತ್ತಿದ್ದಾರೆ. ಮಾಡ್‌ನ ಕೃತಜ್ಞತಾ ಪಟ್ಟಿಯಲ್ಲಿ ತಾಹು ಅಂಗಡಿಯ ಹೆಸರಿದೆ, ರುಕ್ಮಿಯಾತಿಯದಿಲ್ಲ.

“ಬೇಡ ಅನ್ನೋಳ ಹೆಸರು ಯಾರು ಹಾಕ್ತಾರೆ?” ಎಂದು ನಗುತ್ತಾರೆ. ಬೇಸರವಿಲ್ಲ. ಆದರೆ ತಪ್ಪು ಹುಡುಕುವ ಕಣ್ಣು ರಜೆಯಲ್ಲೂ ಸುಮ್ಮನಿರುವುದಿಲ್ಲವಂತೆ. ಮೊನ್ನೆ ಸೆಮಾರಾಂಗಿನಲ್ಲಿರುವ ತಂಗಿಯ ಮನೆಗೆ ಹೊರಟಾಗ ಬಸ್ಸಿನ ಹಿಂದಿನ ಎಡದೀಪ ಉರಿಯುತ್ತಿರಲಿಲ್ಲ. ಹತ್ತಿದ್ದ ರುಕ್ಮಿಯಾತಿ ಇಳಿದು ಡ್ರೈವರನ ಬಳಿ ಹೋದರು.

“‘ನೀವು ಪ್ರಯಾಣಿಕರಾ, ಪೊಲೀಸಾ?’ ಅಂದ. ಮೊದಲು ದೀಪ ಹಾಕು, ಆಮೇಲೆ ಹೇಳ್ತೀನಿ ಅಂದೆ. ಹಾಕಿದ. ಸೆಮಾರಾಂಗ್ ಬರೋವರೆಗೂ ಚೆನ್ನಾಗಿ ನಿದ್ದೆ ಮಾಡಿದೆ.”