ವಿಶ್ವವಿದ್ಯಾಲಯದ ಮನೆ ನೋಡಿ ಬಂದ ಸೋದರಮಾವ

ಮಿತ್ರರೇ, ಸರಸ್ವತಿಯ ಮನೆಯನ್ನೂ ಬೀಗರ ಮನೆಯಂತೆ ನೋಡಿ ಬರಬೇಕೆಂಬ ಶಾಸ್ತ್ರವು ಇಂದು ಹಾನಗಲ್ಲಿನ ನಮ್ಮ ಪಡಸಾಲೆಯಲ್ಲಿ ಸಾಂಗವಾಗಿ ನೆರವೇರಿತು. ಮೊಮ್ಮಗಳು ಗಿರಿಜೆಗೆ ಎಂ.ಎ. ಓದಲು ಧಾರವಾಡ, ಮೈಸೂರು ಎರಡರಲ್ಲಿಯೂ ಸ್ಥಾನ ದೊರೆತಿದೆ. ಎರಡನ್ನೂ ಕಂಡು ಬರಲು ಅವಳ ಸೋದರಮಾವ, ತಡಸದ ಬಸಪ್ಪನವರನ್ನು ಕಳುಹಿಸಿದ್ದೆವು. ನನ್ನ ಶಿವಪೂಜೆ ಮುಗಿಯುವಷ್ಟರಲ್ಲಿ ಅವರು ಬಂದು ವರದಿ ಒಪ್ಪಿಸಿದರು.

“ಧಾರವಾಡದ ಮಂದಿ ಭಾಳ ಛಲೋರಿ. ಯಾವೂರು, ಯಾರ ಪೈಕಿ ಅಂತ ಕೇಳಿ ಚಾ ಕುಡಿಸಿದ್ರು. ಹುಡುಗ್ರ ಬೆಲ್‌ಬಾಟಮ್ ಅಷ್ಟ ಅಂಗಳ ಗುಡಸ್ತಾವು.”

“ಮೈಸೂರು?” ಎಂದೆನು.

“ಅದು ಬ್ಯಾಡ್ರಿ ಹಿರ್ಯಾರ. ಯಾವೂರು ಅನ್ನಲಿಲ್ಲ, ನೀರು ಬೇಕೇನು ಅನ್ನಲಿಲ್ಲ. ಗ್ರಂಥಾಲಯದಾಗ ಒಂದ ಮಾತು ತಗದೆ, ‘ಮಾತಾಡಬೇಡಿ’ ಅಂದ್ರು. ಅಷ್ಟು ಮಂದಿ ಕುಂತಾರ, ಒಬ್ಬರೂ ತಲಿ ಎತ್ತಲಿಲ್ಲ. ಅಂಥಾ ಮನಿಗೆ ಹುಡುಗೀನ ಕಳಸೋದ?”

“ಪಾಠ ಹೆಂಗ ಹೇಳ್ತಾರ ಮಾವಾ?” ಎಂದು ಗಿರಿಜೆ ಕೇಳಿದಳು.

“ದೊಡ್ಡವ್ರು ಮಾತಾಡೂಮುಂದ ನೀ ಸುಮ್ಮಕಿರವಾ.”

ಪಾಠವನ್ನು ವಿಚಾರಿಸಲು ಅವರಿಗೆ ಪುರಸೊತ್ತು ದೊರೆತಿರಲಿಲ್ಲ. ಆದರೂ ನನ್ನ ಮಗನು ಧಾರವಾಡವೇ ಸರಿ ಎಂದು ತೀರ್ಪಿತ್ತನು.

“ಅಪ್ಪಾ, ನಾ ಮೈಸೂರಿಗೇ ಹೋಗ್ತೇನಿ,” ಎಂದಳು ಗಿರಿಜೆ. “ನನ್ನ ಬಿಟ್ಟು ಉಳದವರಿಗೂ ಸುಮ್ಮಕಿರು ಅನ್ನೋ ಜಾಗಾ ಅದೊಂದ ಐತಿ.”

ಅಟ್ಟದ ಮೇಲಿನ ಟ್ರಂಕನ್ನು ಅವಳಿಗೆ ಇಳಿಸಿಕೊಡಿರೆಂದು ನಾನು ಬಸಪ್ಪನವರಿಗೇ ವಿನಂತಿಸಿದೆನು. ಅವರು ತುಟಿ ಎರಡು ಮಾಡದೆ ಇಳಿಸಿದರು. ಮೈಸೂರಿನ ಶಿಕ್ಷಣವು ಇಷ್ಟು ಶೀಘ್ರವಾಗಿ ಫಲಿಸುವುದೆಂದು ನಾನು ಎಣಿಸಿರಲಿಲ್ಲ.