ಕಿವಿಯೊಳಗಿನ ಗುಬ್ಬಿ

ನಿಮ್ಮ ಮಿಕ್ಸರ್ ಕೆಟ್ಟಾಗ ಫೋನ್ ಎತ್ತುವ ಹೆಣ್ಣುಮಗಳು ಯಾವ ಆಫೀಸಿನಲ್ಲೂ ಕೂತಿಲ್ಲ. ಯಾರದೋ ಮನೆಯ ಒಳಕೋಣೆಯಲ್ಲಿ, ಜೋಳದ ಚೀಲಗಳ ನಡುವೆ ಕೂತಿದ್ದಾಳೆ. ಪಕ್ಕದಲ್ಲೊಂದು ಕೂಸೂ ಇದೆ. ಇಷ್ಟಾದರೂ ನಿಮಗೆ ಗೊತ್ತಿರಬೇಕಿತ್ತು.

ಉಗಾರ ಬುದ್ರುಕದ ಕಾಜಲ ಅಂಥವಳು. ಬಿ.ಕಾಂ. ಮುಗಿಸಿ, ನಾಲ್ಕು ವರ್ಷ ರೊಟ್ಟಿ ಬಡಿದ ಮೇಲೆ ಸಿಕ್ಕ ಮೊದಲ ಕೆಲಸ. ಕನ್ನಡ, ಮರಾಠಿ ಎರಡೂ ನೀರು ಕುಡಿದಷ್ಟು ಸಲೀಸು; ಗಡಿಯ ಹೆಣ್ಣುಮಕ್ಕಳಿಗೆ ಅದೇನು ದೊಡ್ಡದಲ್ಲ, ಕಂಪನಿಗೆ ಮಾತ್ರ ಒಬ್ಬಳಲ್ಲೇ ಇಬ್ಬರು ಸಿಕ್ಕರು. ಲ್ಯಾಪ್‌ಟಾಪು, ಹೆಡ್‌ಫೋನು ಕೊರಿಯರ್‌ನಲ್ಲಿ ಬಂದ ದಿನ ಅವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು.

ಗಂಡ ವೃಷಭ, ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವವನು; ಹಂಗಾಮು ಮುಗಿಯುವವರೆಗೆ ಟ್ರ್ಯಾಕ್ಟರೇ ಮನೆ. ಅತ್ತೆ ಸೋನಾಬಾಯಿಗೆ ಹೊಲ ಮತ್ತು ಎರಡು ಎಮ್ಮೆ. ಉಳಿದದ್ದು ಎರಡು ದಾಟಿದ ಮಗಳು ತ್ರಿಶಲಾ. ಅಂಗನವಾಡಿಗೆ ಹಾಕಲು ಮೂರು ತುಂಬಬೇಕಿತ್ತು.

ಮೊದಲ ವಾರವೇ, ಕೂಸಿನ ಅಳು ಕೇಳಿ ಒಬ್ಬ ದೊಡ್ಡ ಮನುಷ್ಯ ಫೋನಿನಲ್ಲಿ ಚೀರಾಡಿದ. "ಏನ್ರೀ ಇದು, ಆಫೀಸೋ ತೊಟ್ಟಿಲು ತೂಗೋ ಮನೆಯೋ?" ದೂರು ಮೇಲೆ ಹೋಯಿತು. ಇನ್ನೊಮ್ಮೆ ಕೂಸಿನ ದನಿ ಕೇಳಿದರೆ ಕೆಲಸವಿಲ್ಲ ಎಂದು ಮೇಲಿನವರು ತಣ್ಣಗೆ ಹೇಳಿದರು. ಕಾಜಲ ಕಿಟಕಿಗೆ ಎರಡು ಕೌದಿ ಕಟ್ಟಿದಳು. ಕಬ್ಬಿನ ಗಾಡಿಗಳ ಹಾಡು ಹೊರಗೇ ಉಳಿಯಿತು. ಕೂಸನ್ನು ಎಲ್ಲಿ ಉಳಿಸುವುದು?

ಆಗ ಅವಳಿಗೆ ಒಂದು ಸುಳ್ಳು ಹೊಳೆಯಿತು.

"ಇದರಾಗ ಗುಬ್ಬಿ ಮಲಗೈತಿ ನೋಡ ಪುಟ್ಟಿ," ಎಂದು ಹೆಡ್‌ಫೋನು ತೋರಿಸಿದಳು. "ನೀ ಒದರಿದ್ರ ಹಾರಿ ಹೋಗತೈತಿ."

"ಎಲ್ಲಿ?"

"ಹೊಳಿ ಆಚಿಗೆ. ಮತ್ತ ಬರೂದಿಲ್ಲ."

ತ್ರಿಶಲಾ ಪುಟ್ಟ ಕೈಯಿಂದ ಬಾಯಿ ಮುಚ್ಚಿಕೊಂಡಳು. ತಿಂಗಳೊಪ್ಪತ್ತಿನಲ್ಲಿ, ಅವ್ವ ಹೆಡ್‌ಫೋನು ಎತ್ತಿದರೆ ಸಾಕು, ಕೂಸಿನ ಕೈ ತಾನೇ ಬಾಯಿಗೆ ಹೋಗುತ್ತಿತ್ತು.

"ಏನ ಬೇ, ಕೂಸಿನ ಬಾಯಿಗಿ ಕೀಲಿ ಜಡದೀ ಏನ?" ಎಂದು ಸೋನಾಬಾಯಿ ಕೇಳಿದ್ದುಂಟು. "ನಮ್ಮ ಎಮ್ಮಿಕರಾನೂ ಇದಕ್ಕಿಂತ ಜೋರ ಒದರತೈತಿ."

"ಶಾಣ್ಯಾಕಿ ಆಗ್ಯಾಳ್ರಿ ಅತ್ತಿ," ಎಂದಿದ್ದಳು ಕಾಜಲ. ಹೆಮ್ಮೆಯಿಂದ ಎಂದಿದ್ದಳು. ಇವತ್ತು ಅವಳನ್ನು ಸುಡುವುದು ಆ ಹೆಮ್ಮೆ.

ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು, ಕುಡಿಯುವ ನೀರು ಸೋಸಿಯೇ ಕುದಿಸಬೇಕು. ಡಿಸೆಂಬರಿನ ಸೂರ್ಯ ಆರಕ್ಕೆ ಹೋಗುತ್ತಾನೆ, ಕಂಪನಿ ಏಳಕ್ಕೆ ಬಿಡುತ್ತದೆ. ಐದೂವರೆಯ ಹತ್ತು ನಿಮಿಷದ ಬಿಡುವಿನಲ್ಲಿ ಕಾಜಲ ಕುದಿವ ನೀರಿನ ಪಾತ್ರೆಯನ್ನು ನೆಲಕ್ಕಿಳಿಸಿದಳು. ಮುಚ್ಚಬೇಕು ಎನ್ನುವಷ್ಟರಲ್ಲಿ ಬಿಡುವು ಮುಗಿದು ಒಳಗೆ ಲ್ಯಾಪ್‌ಟಾಪು ಕೂಗಿತು. ಒಂದು ಕಾಲ್ ಮುಗಿಸಿ ಬಂದರಾಯಿತು ಎಂದು ಓಡಿದಳು.

ಮಿಕ್ಸರಿನ ಮುಚ್ಚಳ ಕಳೆದುಹೋಗಿದ್ದ ಗೃಹಸ್ಥನೊಬ್ಬನ ಕಾಲ್. ಬರೀ ಮುಚ್ಚಳ. ಹನ್ನೊಂದು ನಿಮಿಷ ಬೈದ. ಕಾಜಲ ಗೋಡೆಗೆ ಮುಖ ಮಾಡಿ ಹೌದು ಸರ್, ಹೌದು ಸರ್ ಅನ್ನುತ್ತಿದ್ದಳು. ಹಿಂದೆ ಯಾರೋ ಸೆರಗು ಜಗ್ಗಿದಂತಾಯಿತು. ತಿರುಗದೆ ತುಟಿಗೆ ಬೆರಳಿಟ್ಟು ತೋರಿಸಿದಳು. ಮತ್ತೊಮ್ಮೆ ಜಗ್ಗಿತು. ಆಮೇಲೆ ಜಗ್ಗಲಿಲ್ಲ.

"ಇನ್ನೇನಾದರೂ ಸಹಾಯ ಬೇಕಿತ್ತಾ ಸರ್?" ಎಂದು ಮುಗಿಸಿ ತಿರುಗಿದಳು.

ತ್ರಿಶಲಾ ನಿಂತಿದ್ದಳು. ಬಲಗೈ ಮೊಣಕೈತನಕ ಬೆಂದು ಚರ್ಮ ಎದ್ದಿತ್ತು. ಎಡಗೈ ಬಾಯಿಯ ಮೇಲಿತ್ತು. ಬೆರಳಿನ ಸಂದಿಯಿಂದ ಕಣ್ಣೀರು ಇಳಿಯುತ್ತಿತ್ತು, ಸಪ್ಪಳ ಮಾತ್ರ ಇಲ್ಲ.

ದವಾಖಾನೆಯಲ್ಲಿ ಪಟ್ಟಿ ಕಟ್ಟುವಾಗಲೂ ಅವಳು ಅಳಲಿಲ್ಲ. "ಎಷ್ಟ ಧೈರ್ಯದ ಕೂಸ ಐತಿ!" ಎಂದು ನರ್ಸ್ ಹೊಗಳಿದಳು. ಕಾಜಲ ಮಗಳ ಕಾಲು ಹಿಡಿದುಕೊಂಡಳು. "ಅಳ ನನ್ನವ್ವಾ. ಗುಬ್ಬಿ ಗಿಬ್ಬಿ ಏನೂ ಇಲ್ಲ. ಅವತ್ತೂ ಇರಲಿಲ್ಲ, ನಾ ಸುಳ್ಳ ಹೇಳಿದ್ನಿ. ಅಳ."

ಕೂಸು ಅವ್ವನನ್ನು ನೋಡಲಿಲ್ಲ. ಡಾಕ್ಟರರ ಕಿವಿ ನೋಡುತ್ತಿತ್ತು. ಅಲ್ಲಿ ಸ್ಟೆತಾಸ್ಕೋಪು ಸಿಕ್ಕಿಕೊಂಡಿತ್ತು.

ಇದಾಗಿ ನಾಲ್ಕು ತಿಂಗಳು. ಕೈ ಮಾಯ್ದಿದೆ, ಕಲೆ ಉಳಿದಿದೆ. ಮೊನ್ನೆ ಅಂಗಳದಲ್ಲಿ ಬಿದ್ದು ಹಣೆ ಒಡೆದುಕೊಂಡ ತ್ರಿಶಲಾ ಬಾಯಿ ಮುಚ್ಚಿಕೊಂಡು ಒಳಗೆ ಬಂದಳು. ಕೈ ಬೆಂದ ಆ ಸಂಜೆಯ ಕಾಲ್‌ಗೆ ಮುಚ್ಚಳದ ಗೃಹಸ್ಥ ಐದು ಸ್ಟಾರ್ ಕೊಟ್ಟಿದ್ದಾನೆ: ಶಾಂತವಾಗಿ ಮಾತಾಡಿದರಂತೆ. ಕಾಜಲ ಕೆಲಸ ಬಿಟ್ಟಿಲ್ಲ. ಬಿಡು ಬಿಡು ಎಂದವರ್ಯಾರೂ ಕೂಸು ನೋಡಿಕೊಳ್ಳಲು ಬಂದಿಲ್ಲ. ಈಗ ಗೋಡೆಗೆ ಬೆನ್ನು ಮಾಡಿ, ಬಾಗಿಲಿಗೆ ಮುಖ ಮಾಡಿ ಕೂಡುತ್ತಾಳೆ. ಕಿಟಕಿಯ ಕೌದಿ ಬಿಚ್ಚಿದ್ದಾಳೆ. ಮಗಳು ಒಮ್ಮೆಯಾದರೂ ಒದರಲಿ, ಕೆಲಸ ಹೋದರೂ ಹೋಗಲಿ ಎಂದು ಕಾಯುತ್ತಿದ್ದಾಳೆ.

ನಾಳೆ ನೀವು ಫೋನ್ ಮಾಡುತ್ತೀರಿ. ಆ ಕಡೆ ಕೂಸಿನ ದನಿ ಕೇಳಿದರೆ ದೂರು ಕೊಡಬೇಡಿ. "ಮಿಕ್ಸರ್ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಕೂಸನ್ನು ಎತ್ತಿಕೊಳ್ಳಮ್ಮ" ಅನ್ನಿ. ಅಂದ ಮೇಲೂ ಫೋನ್ ಕಟ್ ಮಾಡಬೇಡಿ. ಅದು ಅತ್ತು ಮುಗಿಸುವವರೆಗೆ ಕಾಯಿರಿ.